ತಂಗಿಯ ಲೆಕ್ಕಕ್ಕೆ ನನ್ನ ಮುಯ್ಯಾಳು

ತಂಗಿ ಹತ್ತನೆಯ ತರಗತಿಗೆ ಬಂದಾಗ ಅವಳ ಪುಸ್ತಕ ನೋಡಿ ಒಂದು ಮಾತು ಹೇಳಬಲ್ಲವರು ನಮ್ಮ ಮನೆಯಲ್ಲಿ ಇರಲಿಲ್ಲ. ಅವ್ವ ಶಾಲೆಗೆ ಹೋದವಳಲ್ಲ. ನಾನು ಏಳನೆಯದು ಮುಗಿಸಿ ಭತ್ತದ ನಾಟಿ ಗುಂಪಿಗೆ ಸೇರಿದವಳು. ಅವಳು ಕೇಳುತ್ತಿದ್ದದ್ದು ವರ್ಗ ಸಮೀಕರಣ, ನಿಮ್ನ ದರ್ಪಣ, ಇಂಥವನ್ನು. ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ಕೂರುತ್ತಿದ್ದಳು. ವಿಡಿಯೊ ಲೆಕ್ಕ ಬಿಡಿಸಿ ತೋರಿಸುತ್ತದೆ, ನಾವು ಬಿಡಿಸಿದ್ದರಲ್ಲಿ ಎಲ್ಲಿ ತಪ್ಪಾಯಿತು ಎಂದು ಹೇಳುವುದಿಲ್ಲ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕು, ಲ್ಯಾಬಿನಲ್ಲಿ ಕೆಲಸ ಮಾಡಬೇಕು ಎಂಬುದು ಅವಳ ಆಸೆ. ಅದಕ್ಕೆ ಗಣಿತ, ವಿಜ್ಞಾನದಲ್ಲಿ ಒಳ್ಳೆಯ ಅಂಕ ಬೇಕಿತ್ತು.

ನಮ್ಮೂರು ಮರಳಿಯಲ್ಲಿ ನಮ್ಮದೇ ಓಣಿಯ ಒಂದು ಮನೆಯ ಹುಡುಗಿ ಗಂಗಾವತಿಯ ಕಾಲೇಜಿಗೆ ಬಿ.ಎಸ್ಸಿ. ಓದಲು ಹೋಗುತ್ತಿದ್ದಳು. ಅವಳ ತಾಯಿಯನ್ನು ನಾವು ಚಿಗವ್ವ ಎನ್ನುತ್ತಿದ್ದೆವು. ಸಂಬಂಧವೇನಿಲ್ಲ, ಓಣಿಯ ರೂಢಿ. ತಂಗಿಗೆ ಸಂಜೆ ಹೊತ್ತು ಒಂದಷ್ಟು ಹೇಳಿಕೊಡುತ್ತೀರಾ ಎಂದು ಕೇಳಲು ನಾನೇ ಹೋದೆ. ಟ್ಯೂಷನ್ ಫೀಸು ಎಷ್ಟು ಎಂದೆ.

ಚಿಗವ್ವ ನಕ್ಕಳು. "ನಿನ್ನ ಹತ್ರ ಏನ್ ಫೀಸ್ ತಗೊಳ್ಳಲವ್ವ? ನಮ್ಮ ಗದ್ದಿಗೆ ಮುಯ್ಯಾಳು ಬಾ. ನೀ ಬಂದ್ರ ನಿನ್ನ ಹಿಂದ ಗುಂಪೂ ಬರ್ತೈತಿ. ನನಗ ಆಳು ಹುಡುಕೋದು ತಪ್ಪತೈತಿ."

ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಹೋಗಿ ದುಡಿಯುವುದಕ್ಕೆ ಮುಯ್ಯಾಳು ಅನ್ನುತ್ತೇವೆ. ಕೂಲಿ ಕೊಟ್ಟು ಕರೆದ ಆಳು ಒಂದು ದಿನ ತಪ್ಪಿಸಿದರೆ ಯಾರೂ ದೊಡ್ಡದು ಮಾಡುವುದಿಲ್ಲ. ಮುಯ್ಯಾಳು ಮಾತ್ರ ತಪ್ಪಿಸುವಂತಿಲ್ಲ. ನಮಗೆ ಹೊಲವಿರಲಿಲ್ಲ, ಆದ್ದರಿಂದ ಅವರು ತಿರುಗಿ ಬಂದು ದುಡಿಯಲು ನಮ್ಮಲ್ಲಿ ಏನೂ ಇರಲಿಲ್ಲ. ಅದರ ಬದಲಿಗೆ ಪಾಠ. ನಾನು ಹೂಂ ಅಂದೆ.

ಮಳೆಗಾಲದ ನಾಟಿಯಲ್ಲಿ ಮಾತಿನಂತೆ ನಡೆದುಕೊಂಡೆ. ಗುಂಪಿನವರನ್ನು ಚಿಗವ್ವನ ಗದ್ದೆಗೇ ಮೊದಲು ಇಳಿಸಿದೆ; ಅವರಿಗೆ ಕೂಲಿ ಸಿಕ್ಕಿತು, ನಾನು ತೆಗೆದುಕೊಳ್ಳಲಿಲ್ಲ. ತಂಗಿ ಸಂಜೆ ಅವರ ಕಟ್ಟೆಯ ಮೇಲೆ ಕೂತು ಕಲಿಯುತ್ತಿದ್ದಳು. ಕರೆದು ತರಲು ಹೋದಾಗ ನಾನೂ ಸ್ವಲ್ಪ ಹೊತ್ತು ನಿಂತು ಕೇಳುತ್ತಿದ್ದೆ. ತಂಗಿ ಟೀಚರಕ್ಕ ಎಂದು ಕರೆಯುತ್ತಿದ್ದ ಆ ಬಿ.ಎಸ್ಸಿ. ಹುಡುಗಿ ತಾನಾಗಿ ಉತ್ತರ ಹೇಳುತ್ತಿರಲಿಲ್ಲ. "ಏನ್ ಕೊಟ್ಟಾರ? ಏನ್ ಕೇಳ್ಯಾರ? ಅಷ್ಟ ಹೇಳು, ಪೆನ್ನು ಕೆಳಗಿಡು" ಎನ್ನುತ್ತಿದ್ದಳು. ತಂಗಿ ಹೇಳಬೇಕು. ತಪ್ಪು ಹೇಳಿದರೆ, "ಪುಸ್ತಕದಾಗ ಹಂಗ ಐತೇನು? ಮತ್ತ ಓದು." ಕನ್ನಡಿಯ ಲೆಕ್ಕದಲ್ಲಿ ತಂಗಿ ಪ್ರತಿಸಲ ಮೈನಸ್ ಗುರುತು ಬಿಡುತ್ತಿದ್ದಳು. "ಮೈನಸ್ಸು ನಿನಗ ಏನ್ ಮಾಡೇತಿ? ಅದಕ್ಕೂ ಒಂದು ಚಾ ಕುಡಿಸು, ಕರ್ಕೊಂಡು ಬಾ" ಎಂದು ಅವಳು ಅಂದರೆ ಇಬ್ಬರೂ ಬಿದ್ದು ನಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ತಂಗಿಯ ಅಂಕಗಳು ಏರಿದವು.

ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಇನ್ನೊಂದೂ ಆಯಿತು. ದಿನವಿಡೀ ಬಗ್ಗಿ ನೆಟ್ಟು ಬಂದ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂತಾಗ ಆ ನಗು ಕೇಳಿದರೆ, ಇದಕ್ಕೆ ಬೆಲೆ ಕೊಡುತ್ತಿರುವವಳು ನಾನು ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಎರಡನೆಯ ಬೆಳೆಗೆ ಆ ವರ್ಷ ಕಾಲುವೆಗೆ ನೀರು ತಡವಾಗಿ ಬಂತು. ಎಲ್ಲರ ಗದ್ದೆಗಳೂ ಒಂದೇ ಸಲ ಸಿದ್ಧವಾದವು. ಆಳಿಗೆ ಕಿತ್ತಾಟ ಶುರುವಾಯಿತು. ಸಿದ್ದಾಪುರದ ಕಡೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ದೊಡ್ಡ ರೈತನೊಬ್ಬ ಎಕರೆ ಲೆಕ್ಕದ ಗುತ್ತಿಗೆಗೆ ನಮ್ಮ ಗುಂಪನ್ನು ಕೇಳಿದ. ಬೇರೆ ಕಡೆಗಿಂತ ದುಡ್ಡು ಬಹಳ ಹೆಚ್ಚು. ಅದೇ ದಿನ ಚಿಗವ್ವನ ಗದ್ದೆಗೆ ಹೋಗಬೇಕಿತ್ತು. ಹಿಂದಿನ ದಿನವೇ ಅವರು ಸಸಿ ಕಿತ್ತು ಕಟ್ಟು ಕಟ್ಟಿ ಗದ್ದೆಯಲ್ಲಿಟ್ಟಿದ್ದರು. ಕಿತ್ತ ಸಸಿ ಬಹಳ ಕಾಯುವುದಿಲ್ಲ.

ಬೆಳಿಗ್ಗೆ ಟಂಟಂ ಗಾಡಿ ಬಂದು ಓಣಿಯ ಬಾಯಲ್ಲಿ ನಿಂತಿತು. ಹೆಂಗಸರೆಲ್ಲ ಹತ್ತಿಯಾಗಿತ್ತು. "ಚಿಗವ್ವನ ಗದ್ದಿ ಇವತ್ತು" ಅಂದೆ.

ಗುಂಪಿನ ಹಿರಿಯಳು ಎಲೆಯಡಿಕೆ ಉಗುಳಿ ಅಂದಳು, "ನಿನ್ನ ತಂಗಿ ಸಾಲಿ ಕಲಿಯಾಕ ನಾವ್ಯಾಕ ಸೊಂಟ ಮುರ್ಕೋಬೇಕಬೇ? ಆಕಿ ನಾಳೆ ಡಾಕ್ಟರ್ ಆದ್ರ ನಮಗ ಪುಕ್ಕಟೆ ಸೂಜಿ ಮಾಡ್ತಾಳೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೋಗಿ ಚಿಗವ್ವನಿಗೆ ಒಂದು ಮಾತು ಹೇಳಿ ಬರುವಷ್ಟು ಹೊತ್ತಿತ್ತು. ಹೇಳಿದರೆ ಬೇಡವೆನ್ನುತ್ತಾಳೆ ಎಂದು ಹೋಗಲಿಲ್ಲ. ಗಾಡಿ ಹತ್ತಿದೆ. ದುಡ್ಡಿನಾಸೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹತ್ತುವಾಗ ಮನಸ್ಸಿನಲ್ಲಿದ್ದದ್ದು ಬೇರೆ: ಒಂದು ದಿನವಾದರೂ ನಾನು ತಂಗಿಗಾಗಿ ಬಗ್ಗುವುದಿಲ್ಲ.

ಸಂಜೆ ಚಿಗವ್ವನ ಹತ್ತಿರ ಹೋಗಿ, ನನಗೆ ಜ್ವರ ಬಂದಿತ್ತು ಎಂದೆ. "ಹೌದೇನವ್ವ" ಅಂದಳು, ಅಷ್ಟೇ. ಗಾಡಿಯಲ್ಲಿ ಹೋದದ್ದನ್ನು ಅವಳು ನೋಡಿದ್ದಳೆಂದು ಆಮೇಲೆ ತಿಳಿಯಿತು. ಗುತ್ತಿಗೆ ಮುಗಿಯುವವರೆಗೆ ನಾವು ಕ್ಯಾಂಪಿಗೇ ಹೋದೆವು. ಚಿಗವ್ವನಿಗೆ ಆಳು ಸಿಗಲಿಲ್ಲ. ಬಿ.ಎಸ್ಸಿ. ಹುಡುಗಿ ಕಾಲೇಜು ಬಿಟ್ಟು ತಾಯಿಯ ಜೊತೆ ಕೆಸರಿಗಿಳಿದಳು. ಅವಳ ಪ್ರಾಕ್ಟಿಕಲ್ ಪರೀಕ್ಷೆಯೊಂದು ಅದರಲ್ಲೇ ತಪ್ಪಿತು.

ತಂಗಿ ಪುಸ್ತಕ ಹಿಡಿದು ಹೋದಳು. "ಆಕಿಗೆ ಸೊಂಟ ಹಿಡ್ಕೊಂಡೈತವ್ವ" ಅಂದಳು ಚಿಗವ್ವ. ಮತ್ತೊಂದು ಸಲ ಹೋದಾಗ, "ಆಕಿದೂ ಪರೀಕ್ಷಿ ಬಂತಲ್ಲ." ತಂಗಿ ವಾಪಸ್ ಬಂದು ಬಾಗಿಲಲ್ಲೇ ಕೂತಳು. ವಿದ್ಯುತ್ತಿನ ಪಾಠ ಅರ್ಧಕ್ಕೆ ನಿಂತಿತ್ತು. ರೋಧಕಗಳನ್ನು ಸಮಾಂತರವಾಗಿ ಜೋಡಿಸುವುದು ಶುರುವಾಗಿತ್ತಷ್ಟೇ.

"ಅಕ್ಕಾ, ಹಿಂದಿನ ಸಲ ಒಂದ ಲೆಕ್ಕ ಮತ್ತ ಮತ್ತ ತಪ್ಪಿದ್ನಿ. ಆಕಿ ಉಸ್ ಅಂದ್ಲು. ನಾ ದಡ್ಡಿ ಅಂತ ಬಿಟ್ಟಾಳೇನು?"

"ಇರಬಹುದು" ಎಂದೆ ನಾನು.

ನಾನು ತಪ್ಪಿತಸ್ಥೆ ಎಂದು ಬರೆಯುವಾಗ ಟಂಟಂ ಹತ್ತಿದ ದಿನವಲ್ಲ, ಈ ಒಂದು ಮಾತು ಮೊದಲು ನೆನಪಿಗೆ ಬರುತ್ತದೆ. ಇಲ್ಲ ಅಂದಿದ್ದರೆ, ಮತ್ತೆ ಪಾಠ ಯಾಕೆ ನಿಂತಿತು ಎಂದು ಕೇಳುತ್ತಿದ್ದಳು.

ಪರೀಕ್ಷೆಯಲ್ಲಿ ಪಾಸಾದಳು. ವಿಜ್ಞಾನದಲ್ಲಿ ದಡ ಮುಟ್ಟಿದಳು, ಅಷ್ಟೇ. ಗಂಗಾವತಿಯಲ್ಲಿ ಆರ್ಟ್ಸ್ ತೆಗೆದುಕೊಂಡಳು. ಸೈನ್ಸ್ ಯಾಕೆ ಬೇಡ ಎಂದು ಲೆಕ್ಚರರು ಕೇಳಿದರೆ, "ನನಗ ಅಷ್ಟು ತಲಿ ಇಲ್ರಿ ಸರ್" ಅಂದಳಂತೆ. ನಗುತ್ತಾ ಹೇಳಿದಳಂತೆ.

ಈ ವರ್ಷ ಪಕ್ಕದ ಮನೆಯಾಕೆ ತನ್ನ ಮಗಳಿಗೆ ಗಣಿತ ತೋರಿಸೆಂದು ತಂಗಿಯನ್ನು ಕೇಳಿದಳು. ತಂಗಿ ಒಪ್ಪಲಿಲ್ಲ. "ನಾ ಹೇಳಿಕೊಟ್ರ ಆಕಿ ಫೇಲ್ ಆಗ್ತಾಳ ಬಿಡ್ರಿ" ಎಂದಳು. ಆಕೆ ಹೋದಮೇಲೆ ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹಿಟ್ಟು ನಾದಿಕೊಡುತ್ತಾ ಎಲ್ಲವನ್ನೂ ಹೇಳಿದೆ. ಮುಯ್ಯಾಳು, ಗಾಡಿ, ಜ್ವರದ ಸುಳ್ಳು, ಅವಳಿಗೆ ಹೇಳಿದ "ಇರಬಹುದು."

ಅವಳು ಬಡಿಯುವುದು ನಿಲ್ಲಿಸಲಿಲ್ಲ. ಆ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿದ ಮೇಲೆ ಕೇಳಿದಳು.

"ಟೀಚರಕ್ಕಗ ಗೊತ್ತಿತ್ತೇನು?"

"ಗೊತ್ತಿತ್ತು."

"ನನಗೊಬ್ಬಾಕಿಗೆ ಗೊತ್ತಿರಲಿಲ್ಲ."

ರೊಟ್ಟಿ ಮಗುಚಿ ಹಾಕಿದಳು. "ಅವತ್ತ ನನಗ ಹೇಳಿದ್ರ ನಾನ ಹೋಗಿ ಸಸಿ ಹಚ್ಚಿ ಬರ್ತಿದ್ನಿ. ಒಂದಿನ ಸಾಲಿ ಬಿಟ್ರ ಏನಾಗ್ತಿತ್ತು? ನನಗೇನು ಕೈ ಇರಲಿಲ್ಲೇನು?"

ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಕೆಸರಿಗಿಳಿಯಬಾರದು ಎಂದು ನಾನೇ ಗೆರೆ ಎಳೆದಿದ್ದೆ. ಇಳಿಯುವುದಿಲ್ಲವಲ್ಲ ಎಂದು ನಾನೇ ಹೊಟ್ಟೆ ಉರಿಸಿಕೊಂಡಿದ್ದೆ. ಎರಡರಲ್ಲೂ ಅವಳನ್ನು ಕೇಳಿರಲಿಲ್ಲ.

ಆ ಮೇಲಿನ ದಿನಗಳಲ್ಲಿ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಒಂದು ಸಂಜೆ ನನಗೆ ಹೇಳದೆ ಚಿಗವ್ವನ ಮನೆಗೆ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ಮರುದಿನ ಅವಳು ಪಕ್ಕದ ಮನೆಯ ಬಾಗಿಲಲ್ಲಿ ನಿಂತು, "ಹುಡುಗಿನ್ನ ಕಳಸ್ರಿ, ನೋಡೂನಂತ" ಅನ್ನುವುದು ಕೇಳಿಸಿತು.