ವಾರ್ಡಿನಲ್ಲಿ ಸಿಕ್ಕ ಅಕ್ಕ

ವಿಜಯಪುರದಲ್ಲಿ ನರ್ಸಿಂಗ್ ಮುಗಿಸಿ ಪುಣೆಯ ಆಸ್ಪತ್ರೆಯೊಂದಕ್ಕೆ ಸೇರಿದಾಗ ನನಗೆ ಬರುತ್ತಿದ್ದದ್ದು ಬಸ್ ನಿಲ್ದಾಣದ ಮರಾಠಿ ಅಷ್ಟೇ. ರೋಗಿಗಳು ನೋವು ಹೇಳಿಕೊಂಡರೆ ಮಾತು ಬಿಟ್ಟು ಅವರ ಕೈ ಹೋದ ಕಡೆ ನೋಡುತ್ತಿದ್ದೆ. ನನ್ನನ್ನು ಯಾರ ಜೊತೆ ಹಾಕುವುದೆಂದು ಮೇಟ್ರನ್ ಯೋಚಿಸುತ್ತಿರುವಾಗ, ಕಪಾಟಿನಲ್ಲಿ ಸಲೈನ್ ಬಾಟಲಿ ಜೋಡಿಸುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರು ತಿರುಗಿ, "ಯಾವೂರ ತಂಗಿ ನಿಂದು?" ಎಂದು ಕನ್ನಡದಲ್ಲಿ ಕೇಳಿದರು. ಗಡಿಯ ಅಕ್ಕಲಕೋಟೆಯ ಕಡೆ ಹುಟ್ಟಿ, ಪುಣೆ ಹತ್ತಿರದ ಸಾಸವಡಕ್ಕೆ ಸೊಸೆಯಾಗಿ ಬಂದವರು. ಅವತ್ತಿನಿಂದ ಅವರು ನನಗೆ ಅಕ್ಕ.

ಅಕ್ಕನ ಪಾಠಗಳಲ್ಲಿ ಕೆಲವನ್ನು ಕಾಲೇಜಿನಲ್ಲಿ ಯಾರೂ ಒತ್ತಿ ಹೇಳಿರಲಿಲ್ಲ. ರೋಗಿಯನ್ನು ಹೊರಳಿಸುವ ಮೊದಲು ಮಂಚವನ್ನು ಎತ್ತರಿಸಿಕೊಳ್ಳಬೇಕು. "ಈಗ ಹುರುಪಿನ್ಯಾಗ ಎತ್ತತಿ, ಆಮ್ಯಾಲ ನಡಾ ಹಿಡಕೊಂಡು ಕುಂಡ್ರತಿ" ಎನ್ನುತ್ತಿದ್ದರು. ಕೆಲಸ ಬಿಟ್ಟು ಶೌಚಾಲಯಕ್ಕೆ ಹೋಗಬೇಕಾದೀತೆಂದು ನಾನು ನೀರೇ ಕುಡಿಯುತ್ತಿರಲಿಲ್ಲ. ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದೆ. ಅಕ್ಕ ಬೈಯಲಿಲ್ಲ. ನಾನು ಮತ್ತೆ ಕೆಲಸಕ್ಕೆ ಬಂದಾಗ ನನ್ನ ರೋಗಿಗಳ ಹತ್ತಿರ ತಾವು ಬಂದು ನಿಂತು, "ನೀ ಹೋಗಿ ಬಾ, ನೀರ ಕುಡಿ. ನಾ ಅದೀನಿ ಇಲ್ಲೆ" ಎಂದರು. ಮುಂದೆ ಅದೇ ಪದ್ಧತಿಯಾಯಿತು.

ನಮ್ಮ ವಾರ್ಡಿನಲ್ಲಿ ಪುಣೆ ಜಿಲ್ಲೆಯದೇ ಆದ ಭೋರ್ ಕಡೆಯ ಅಜ್ಜಿಯೊಬ್ಬರಿದ್ದರು. ಬಿದ್ದು ತೊಡೆಯ ಮೂಳೆ ಮುರಿದಿತ್ತು. ನಾನು ಅವರ ತಲೆ ಬಾಚುವಾಗ ಅವರು ನನಗೆ ಮರಾಠಿ ಕಲಿಸುತ್ತಿದ್ದರು. ತಪ್ಪು ಹೇಳಿದರೆ ಬಾಚಣಿಗೆ ಕಸಿದುಕೊಂಡು, ಸರಿಯಾಗಿ ಹೇಳುವವರೆಗೂ ಕೊಡುತ್ತಿರಲಿಲ್ಲ. ಚೇತರಿಸಿಕೊಂಡು ಮನೆಗೆ ಹೊರಡುವ ಸಂಭ್ರಮದಲ್ಲಿದ್ದರು. ಒಂದು ಬೆಳಿಗ್ಗೆ ನಾನು ಚಹಾ ಕೊಡುತ್ತಿರುವಾಗಲೇ ಅವರ ಉಸಿರು ಕಟ್ಟಿತು. ಕೂಗಿದೆ, ಎಲ್ಲರೂ ಓಡಿ ಬಂದರು. ಅಜ್ಜಿ ಉಳಿಯಲಿಲ್ಲ.

ಅವರನ್ನು ಒರೆಸಿ, ಸೀರೆ ಉಡಿಸಿ ಮನೆಯವರಿಗೆ ಒಪ್ಪಿಸಿದ ಮೇಲೆ ನಾನು ಬಟ್ಟೆ ಇಡುವ ಕೋಣೆಗೆ ಹೋಗಿ ಕೂತುಬಿಟ್ಟೆ. ಅಕ್ಕ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು.

"ನಂದೇನರೆ ತಪ್ಪಾತೇನ್ರಿ ಅಕ್ಕಾ?"

"ಇಲ್ಲ. ರಕ್ತ ಹೆಪ್ಪುಗಟ್ಟಿ ಎದಿಗೆ ಹೋಗಿರಬೇಕು ಅಂದ್ರು ಡಾಕ್ಟರು. ನೀ ಲಗೂನ ಕರದಿ. ಮಾಡೂದೆಲ್ಲಾ ಮಾಡಿದಿವಿ."

"ನಿಮಗ ರೂಢಿ ಆಗ್ಯದ. ನನ್ನ ಕಡಿಂದ ಆಗೂದಿಲ್ರಿ. ನಾ ಊರಿಗೆ ಹೋಗ್ತೀನಿ."

"ಸಾವು ರೂಢಿ ಆಗೂದಿಲ್ಲ ತಂಗಿ. ಅತ್ತು, ಮಾರಿ ತೊಳಕೊಂಡು, ಉಂಡು, ಮತ್ತ ಬರೂದು ರೂಢಿ ಆಗ್ತದ." ನನ್ನ ಕೈ ಹಿಡಿದು ಎಬ್ಬಿಸಿ, "ಊರಿಗೆ ಆಮ್ಯಾಲ ಹೋಗೀಯಂತ. ನಾಳೆ ಇಬ್ಬರಿಗೂ ಸೂಟಿ ಅದ. ನಮ್ಮನಿಗೆ ಬಾ, ಪಂಢರಪುರಕ್ಕ ಹೋಗೂ ಪಾಲಖಿ ಬಂದದ" ಎಂದರು.

ಸಾಸವಡದಲ್ಲಿ ಅವರ ಅಂಗಳದ ತುಂಬ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆದು ಹೊರಟ ವಿಠಲನ ಭಕ್ತರು, ವಾರಕರಿಗಳು. ಘಾಟು ಹತ್ತಿ ಬಂದ ಪಾದಗಳಲ್ಲೆಲ್ಲ ಬೊಬ್ಬೆ ಎದ್ದಿದ್ದವು. ಅಕ್ಕನ ಮನೆಯವರು ಬಿಸಿ ಎಣ್ಣೆ ತಿಕ್ಕುತ್ತಿದ್ದರು, ಅಕ್ಕ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು. ನಾನೂ ಕೂತೆ. ನನ್ನ ಮುಂದೆ ಕಾಲು ಚಾಚಿದ್ದ ಮುದುಕಿ, ಮುಖ ಯಾಕೆ ಹೀಗಿದೆ ಮಗಳೇ ಎಂದು ಮರಾಠಿಯಲ್ಲಿ ಕೇಳಿದರು. ವಾರ್ಡಿನ ಅಜ್ಜಿಯ ವಿಷಯವೆಲ್ಲ ಮರಾಠಿಯಲ್ಲೇ ಹೇಳಿದೆ. ಎಲ್ಲಿಯೂ ತಡವರಿಸಲಿಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ. ಕೇಳಿ ಮುಗಿಸಿದ ಮುದುಕಿ, "ನೀನು ಭೋರ್ ಕಡೆಯವಳೇನು?" ಎಂದರು. ಆ ಕಡೆಯವರ ರಾಗ ನನ್ನ ಮಾತಿನಲ್ಲಿ ಇದೆಯಂತೆ. ನಾನು ನಕ್ಕೆ, ಅಳುವೂ ಬಂತು. ಮುದುಕಿ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡೇ ಇದ್ದರು.

ಊಟವಾದ ಮೇಲೆ ಅಕ್ಕ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಚಾಪೆ ಹಾಸಿದರು. ಹೊರಗೆ ತಾಳ, ಅಭಂಗದ ಹಾಡು, ಪಾತ್ರೆಗಳ ಸದ್ದು. ಅಷ್ಟು ಗದ್ದಲದಲ್ಲೂ ಸಂಜೆಯವರೆಗೆ ಮಲಗಿದ್ದೆ. ಯಾರೂ ಎಬ್ಬಿಸಲಿಲ್ಲ. ಅಷ್ಟು ನಿಶ್ಚಿಂತೆಯ ನಿದ್ದೆ ನನಗೆ ಮತ್ತೆ ಬಂದ ನೆನಪಿಲ್ಲ. ಮರುದಿನ ಕೆಲಸಕ್ಕೆ ಹೋದೆ. ಊರಿಗೆ ಹೋಗುವ ಮಾತನ್ನು ಅಕ್ಕನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಕ್ಕ ಈಗ ನಿವೃತ್ತರು. ವಾರ್ಡಿನಲ್ಲಿ ಹೊಸ ಹುಡುಗಿಯರಿದ್ದಾರೆ, ಅವರನ್ನು ನನ್ನ ಜೊತೆ ಹಾಕುತ್ತಾರೆ. ಅವರಲ್ಲಿ ಯಾರಾದರೂ ಬಟ್ಟೆ ಕೋಣೆಗೆ ಹೋಗಿ ತಡವಾದರೆ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲುವುದಿಲ್ಲ, ಎದ್ದು ಹೋಗಿ ನೋಡುತ್ತೇನೆ.

ಮೊನ್ನೆ ಸಾಸವಡಕ್ಕೆ ಹೋಗಿದ್ದೆ. ಅಕ್ಕನಿಗೆ ಮೊಣಕಾಲು ನೋವು, ಆದರೂ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತಲೇ ಇದ್ದಾರೆ. ನಾನು ದನಿ ಏರಿಸಿ ಹೇಳಿದೆ. "ಭಾಳ ಶಾಣ್ಯಾಕಿ ಆಗೀದಿ" ಎಂದು ನಕ್ಕು, ನನ್ನ ಚೀಲಕ್ಕೆ ಸೀತಾಫಲ ತುಂಬತೊಡಗಿದರು.