ಮದರಸಾಬನ ಕೊನೆಯ ಸೆರಗು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮುಬೀನಾಳಷ್ಟು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಕಸುಬೇ ಅವಳನ್ನು ಹಾಗೆ ಮಾಡಿತ್ತು. ಸೀರೆಯ ಸೆರಗಿಗೆ ನಕ್ಷೆ ಬರೆದುಕೊಡುವ ಮನೆ ಅದು. ಮಾವ ಮದರಸಾಬ 'ಎರಡ ಎತ್ತು, ಒಂದ ಬಿಡು, ಐದ ಎತ್ತು' ಎಂದು ಹೇಳುತ್ತ ಹೋಗುತ್ತಿದ್ದ. ಸೊಸೆ ಚೌಕಳಿ ಹಾಳೆಯ ಮೇಲೆ ಎತ್ತುವ ಎಳೆಗೆ ಚೌಕದ ಮನೆ ತುಂಬುತ್ತ, ಬಿಡುವ ಎಳೆಗೆ ಖಾಲಿ ಬಿಡುತ್ತ ಸಾಗಬೇಕು. ನಡುವೆ ತಡೆಯಬಾರದು, ಕೇಳಬಾರದು. ತಡೆದರೆ ಮುದುಕನ ತಲೆಯೊಳಗಿನ ಸಾಲು ತಪ್ಪುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ 'ಯಾಕ್ರಿ?' ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದಳು. ಆಮೇಲೆ ಹದಿನಾಲ್ಕು ವರ್ಷ ಕೇಳಲಿಲ್ಲ.

ಮೂರು ವರ್ಷದ ಹಿಂದೆ ಮದರಸಾಬನ ಎರಡೂ ಕಣ್ಣು ಹೋದವು. ಅದೇ ಹೊತ್ತಿಗೆ ಓಣಿಗೆ ಕಂಪ್ಯೂಟರ್ ಮಗ್ಗ ಬಂತು. ಹಾಳೆ ಹೋಗಿ ಸಾಫ್ಟ್‌ವೇರ್ ಬಂತು, ಪೆನ್ಸಿಲ್ ಹೋಗಿ ಮೌಸ್ ಬಂತು. ಹೇಳುವವನು ಮಾತ್ರ ಅವನೇ, ಕೇಳುವವಳೂ ಅವಳೇ. ಈ ವರ್ಷ ಮುದುಕ ಒಂದು ಹಟ ಹಿಡಿದ.

"ಮುಬೀನಾ, ಒಂದ ಸೆರಗ ಉಳದೈತಿ ತಲ್ಯಾಗ. ಜ್ವಾಳದ ತೆನಿ, ತೆನಿಗೊಂದ ಗುಬ್ಬಿ. ಒಂದ ಗುಬ್ಬಿ ಇನ್ನೊಂದರಂಗ ಕುಂತಿರಬಾರದು. ಇದನ್ನ ಕೈಲೆ ಮುಟ್ಟಿ ನೋಡಿ ಹೋಗ್ತೀನಿ."

ನಾನೂರ ಹನ್ನೆರಡು ಸಾಲು. ಎರಡೂವರೆ ತಿಂಗಳು ಹೇಳಿದ, ಅವಳು ತುಂಬಿದಳು. ಮಗ್ಗಕ್ಕೆ ಏರುವ ಮೊದಲು ನಕ್ಷೆಯ ನಕಲು ಮಾಡಬಾರದೆಂಬುದು ಆ ಮನೆಯ ಕಟ್ಟುಪಾಡು. ನಕಲು ಹೊರಬಿದ್ದರೆ ವಾರದೊಳಗೆ ಯಾವುದೋ ಊರಿನ ಪವರ್‌ಲೂಮು ಅದನ್ನೇ ರಾಶಿಗಟ್ಟಲೆ ನೆಯ್ದು ಬಿಸಾಡುತ್ತದೆ. ಹಾಗಾಗಿ ಮುಬೀನಾ ಪ್ರಿಂಟ್ ತೆಗೆಯಲಿಲ್ಲ, ಪೆನ್‌ಡ್ರೈವಿಗೂ ಹಾಕಲಿಲ್ಲ. ಕೊನೆಯ ಸಾಲು ಮುಗಿದ ಹತ್ತನೆಯ ದಿನ ಮದರಸಾಬನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಕಿವಿ ಮತ್ತು ತಲೆ ಸರಿ ಇದ್ದವು.

ನೇಕಾರ ಲಕ್ಷ್ಮಪ್ಪ ಮಗ್ಗಕ್ಕೆ ಉದ್ದೆಳೆಯ ಹಾಸು ಕಟ್ಟಿಕೊಂಡು ಕಾದಿದ್ದ. ಶನಿವಾರ ಮುಬೀನಾ ಕಂಪ್ಯೂಟರ್ ತೆರೆದರೆ ಸಾಫ್ಟ್‌ವೇರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಹೊಸದಾಗಿತ್ತು. ನಕ್ಷೆಯ ಹೆಸರಿತ್ತು, ಒಳಗೆ ಬರೀ ಬಿಳಿ. ಕಂಪ್ಯೂಟರ್ ರಿಪೇರಿ ಮಾಡುವ ಸಾಜೀದನಿಗೆ ಫೋನ್ ಹಚ್ಚಿದಳು.

"ನಾ ರೋಣದಾಗ ಅದೀನ್ರಿ ಅಕ್ಕಾ. ಸೋಮವಾರ ಬರ್ತೀನಿ. ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ."

ಎರಡೇ ದಿನ. ಆದರೆ ಒಳಕೋಣೆಯಲ್ಲಿ ಮುದುಕನ ಉಸಿರು ದಿನಕ್ಕಿಷ್ಟು ಇಳಿಯುತ್ತಿತ್ತು. ಸೀರೆ ನೆಯ್ಯುವಷ್ಟು ದಿನ ಅವನು ಉಳಿಯುತ್ತಾನೋ ಇಲ್ಲವೋ ಎಂಬ ಹೆದರಿಕೆಗೆ ಎರಡು ದಿನ ದೊಡ್ಡದಾಗಿ ಕಂಡಿತು. ಮೊಬೈಲಿನಲ್ಲಿ ಚಾಟ್‌ಬಾಟ್ ಇತ್ತು. ಏನು ಕೇಳಿದರೂ ಶುದ್ಧ ಕನ್ನಡದಲ್ಲಿ ಉತ್ತರ ಕೊಡುವಂಥದ್ದು. ಕೇಳಿದಳು.

'ಚಿಂತಿಸಬೇಡಿ! ಇದು ಸಾಮಾನ್ಯ ಸಮಸ್ಯೆ. ಫೈಲ್ ಮೆನುವಿನಲ್ಲಿ "ಹಳೆಯ ನಕ್ಷೆ ಮರಳಿಸಿ" ಒತ್ತಿರಿ' ಎಂದಿತು. ಅಂಥದ್ದು ಅಲ್ಲಿ ಇರಲಿಲ್ಲ. ಇಲ್ಲವೆಂದು ಬರೆದಳು. 'ಕ್ಷಮಿಸಿ, ನೀವು ಹೇಳಿದ್ದು ಸರಿ. ಅದು ಟೂಲ್ಸ್ ಮೆನುವಿನಲ್ಲಿದೆ.' ಅಲ್ಲಿಯೂ ಇರಲಿಲ್ಲ. ಗೊತ್ತಿಲ್ಲ ಎಂಬ ಒಂದು ಸಣ್ಣ ಮಾತು ಆ ಯಂತ್ರದ ಬಾಯಿಗೆ ಬರಲಿಲ್ಲ. ಮೂರನೆಯ ಸಲ ಅದು ಸಾಲು ಸಾಲಾಗಿ ಹೇಳತೊಡಗಿತು: ಸಾಫ್ಟ್‌ವೇರ್ ಮುಚ್ಚಿ. ಬ್ಯಾಕಪ್ ಎಂಬ ಫೋಲ್ಡರ್ ಅಳಿಸಿ. ಕಸದ ಬುಟ್ಟಿ ಖಾಲಿ ಮಾಡಿ. ಮತ್ತೆ ತೆರೆದು ಸೇವ್ ಒತ್ತಿ. ನಿಮ್ಮ ನಕ್ಷೆ ನೂರಕ್ಕೆ ನೂರು ಸುರಕ್ಷಿತ.

ಎರಡು ಸಲ ಸುಳ್ಳು ಹೇಳಿದವರ ಮಾತನ್ನು ಮೂರನೆಯ ಸಲ ಯಾರು ಕೇಳುತ್ತಾರೆ? ಸಂತೆಯಲ್ಲಿ ಬದನೆಕಾಯಿ ಮಾರುವವಳನ್ನಾದರೂ ಮುಬೀನಾ ಬಿಡುತ್ತಿರಲಿಲ್ಲ. ಆದರೆ ಇದು ಸಾಲು ಹಿಡಿದು ಹೇಳುತ್ತಿತ್ತು. ಸಾಲು ಹಿಡಿದು ಹೇಳಿದರೆ ಅವಳ ಕೈ ತಾನಾಗಿ ನಡೆಯುತ್ತಿತ್ತು. ಅಳಿಸಿದಳು, ಖಾಲಿ ಮಾಡಿದಳು, ತೆರೆದಳು, ಸೇವ್ ಒತ್ತಿದಳು. ಪರದೆ ಬೆಳ್ಳಗೇ ಉಳಿಯಿತು.

ಸೋಮವಾರ ಬಂದ ಸಾಜೀದ ಹಣೆ ಹಣೆ ಬಡಿದುಕೊಂಡ. "ಅಯ್ಯ ಅಕ್ಕಾ, ಸಾಫ್ಟ್‌ವೇರ್ ತಾನ ತಗದಿಟ್ಟ ಹಳೇ ಕಾಪಿ ಇದ್ದದ್ದ ಆ ಬ್ಯಾಕಪ್ಪಿನ್ಯಾಗ! ಐದ ನಿಮಿಷದ ಕೆಲಸಿತ್ತು. ಅದನ್ನ ಯಾರು ಅಳಸಂತ ಹೇಳಿದ್ರು?" ಮುಬೀನಾ ಮೊಬೈಲ್ ತೋರಿಸಿದಳು. ಅವನು ಸಂಜೆಯವರೆಗೂ ಏನೇನೋ ಹುಡುಕಿ, ಚಹಾ ಕೂಡ ಕುಡಿಯದೆ ತಲೆ ತಗ್ಗಿಸಿ ಹೋದ.

ಆ ಮೇಲೆ ಅವಳು ಮಾಡಿದ್ದು ಹುಚ್ಚು. ಮುಳುಗುವವಳಿಗೆ ಬುದ್ಧಿ ಎಲ್ಲಿಂದ ಬರಬೇಕು? ನೆನಪಿದ್ದ ಹನ್ನೊಂದು ಸಾಲನ್ನು ಅದೇ ಚಾಟ್‌ಬಾಟಿಗೆ ಬರೆದು, ಮುಂದಿನದು ಹೇಳು ಎಂದಳು. 'ಖಂಡಿತ! ಇದು ನಿಮ್ಮ ಭಾಗದ ಸಾಂಪ್ರದಾಯಿಕ ನಕ್ಷೆ. ಉಳಿದ ಸಾಲುಗಳು ಇಲ್ಲಿವೆ' ಎಂದು ಅದು ನಾನೂರ ಒಂದು ಸಾಲು ಸುರಿಯಿತು. ಖರೇ ಇದ್ದರೂ ಇರಬಹುದು ಎಂಬ ಆಸೆ ಅವಳನ್ನು ಒಳಕೋಣೆಗೆ ನಡೆಸಿತು. ಮಾವನ ಹಾಸಿಗೆಯ ಪಕ್ಕ ಕುಳಿತು ಅವನ ಎಡಗೈಯನ್ನು ತನ್ನ ಕೈಮೇಲೆ ಇಟ್ಟುಕೊಂಡಳು.

"ಅಬ್ಬಾ, ಮಗ್ಗಕ್ಕ ಹಾಕೂಕಿಂತ ಮೊದಲ ಒಂದ ಸಲ ಓದ್ತೀನಿ. ಕೇಳ್ರಿ."

ಹನ್ನೊಂದು ಸಾಲಿನವರೆಗೂ ಅವನ ಬೆರಳು ಅವಳ ಕೈಮೇಲೆ ತಾಳ ಹಾಕಿತು. ಮುಖ ಅರಳಿತ್ತು. ಹನ್ನೆರಡಕ್ಕೆ ಬೆರಳು ನಿಂತಿತು. ಹದಿಮೂರಕ್ಕೆ ಹುಬ್ಬು ಗಂಟಾಯಿತು. ಅವಳು ಓದುತ್ತಲೇ ಹೋದಳು. ಇಪ್ಪತ್ತರ ಹತ್ತಿರ ಮದರಸಾಬ ಆ ಎಡಗೈಯನ್ನು ಎತ್ತಿ ತನ್ನ ತಲೆಗೇ ಹೊಡೆದುಕೊಂಡ. ಮತ್ತೊಮ್ಮೆ ಹೊಡೆದುಕೊಂಡ. ಕಾಣದ ಕಣ್ಣುಗಳಿಂದ ನೀರಿಳಿಯಿತು. ತಾನೇ ಹೀಗೆ ತಪ್ಪು ತಪ್ಪಾಗಿ ಹೇಳಿದೆ, ಬಾಳಿನ ಕೊನೆಯ ಕೆಲಸದಲ್ಲಿ ತನ್ನ ತಲೆಯೇ ಕೆಟ್ಟಿತ್ತು ಎಂದು ಮುದುಕ ತಿಳಿದುಕೊಂಡಿದ್ದ.

ಮುಬೀನಾಳಿಗೆ ತಡೆಯಲಾಗಲಿಲ್ಲ. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡ್ರಿ ಅಬ್ಬಾ, ಬ್ಯಾಡ್ರಿ! ನೀವು ಸರಿಯಾಗೇ ಹೇಳಿದ್ರಿ. ಇದು ನಿಮ್ಮದಲ್ಲ. ನಿಮ್ಮದನ್ನ ನಾ ಕಳದೆ. ಪೂರಾ ಕಳದೆ."

ಅವನು ಎಡಗೈ ಬಿಡಿಸಿಕೊಂಡು ಅವಳ ಕೈಯನ್ನು ಎರಡು ಸಲ ತಟ್ಟಿದ. ಬರಕೋ ಎನ್ನುವಾಗ ಹಾಗೆ ತಟ್ಟುವುದು ಅವನ ರೂಢಿ. ಅವಳು ಓಡಿ ಹೋಗಿ ಹಳೆಯ ಚೌಕಳಿ ಹಾಳೆ, ಪೆನ್ಸಿಲ್ ತಂದು ಕುಳಿತಳು. ಮದರಸಾಬ ಬಾಯಿ ತೆರೆದು ಮೊದಲ ಸಾಲಿನಿಂದ ಹೇಳತೊಡಗಿದ. ಆ, ಆ, ಆ ಎಂಬ ಸದ್ದೊಂದೇ ಹೊರಬಂತು, ಒಂದು ಸಾಲು ಮುಗಿದು ಇನ್ನೊಂದಕ್ಕೆ ಉಸಿರು ಎಳೆದುಕೊಂಡು ಮತ್ತೆ ಅದೇ ಸದ್ದು. ಹನ್ನೊಂದು ಸಾಲಿನವರೆಗೂ ಅವಳು ನೆನಪಿನಿಂದ ಮನೆ ತುಂಬಿದಳು. ಹನ್ನೆರಡಕ್ಕೆ ಪೆನ್ಸಿಲ್ ನಿಂತಿತು. ಮುದುಕ ಹೇಳುತ್ತಲೇ ಇದ್ದ.