ಎರಡು ಕೊಳವೆಗಳ ನಡುವಿನ ಸಂದು

ರೇವಣ್ಣನವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಶೇವಿಂಗ್ ಬ್ರಷ್ ಇರುತ್ತಿತ್ತು. ಗಡ್ಡ ಮಾತ್ರ ಯಾವಾಗ ನೋಡಿದರೂ ಒಂದು ವಾರದ್ದು. ಎರಡು ಕೊಳವೆ ಎಲ್ಲಿ ಸೇರಿದ್ದರೂ ಅವರಿಗೆ ಅನುಮಾನ. ಸೋಪಿನ ಚೂರಿಗೆ ಬ್ರಷ್ ಉಜ್ಜಿ, ಆ ಜಾಗಕ್ಕೆ ನೊರೆ ಹಚ್ಚಿ, ಕುಕ್ಕರಗಾಲಿನಲ್ಲಿ ಕೂತು ಕಾಯುವರು. ಗಾಳಿ ಸೋರುತ್ತಿದ್ದರೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದಾಗ ಅವರ ಮುಖ ಅರಳುವುದನ್ನು ನೋಡಿದರೆ ಎಂಥವರಿಗೂ ಸಿಟ್ಟು ಬರಬೇಕು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅಮ್ಮ ಕಾಫಿಗೆ ಹಚ್ಚಿದ್ದ ಪಂಪ್ ಸ್ಟವ್ವನ್ನೇ ದುರುಗುಟ್ಟಿ ನೋಡಿ, "ತಾಯಿ, ಇದು ಸೋರ್ತಾ ಐತೆ. ಮೊದ್ಲು ಆರ್ಸಿ. ಕಾಫಿ ಎಲ್ಲಿಗೂ ಹೋಗಲ್ಲ" ಎಂದರು. ಆರಿಸಿ, ನೊರೆ ಹಚ್ಚಿ, ಗುಳ್ಳೆ ತೋರಿಸಿ, ವಾಷರ್ ಬದಲಾಯಿಸಿದ ಮೇಲೆಯೇ ಲೋಟ ಮುಟ್ಟಿದ್ದು. ಅವರು ಹೋದ ಮೇಲೆ ಅಮ್ಮ, "ಬಂದೋರು ಕೂತ್ಕೊಳ್ಳೋಕೆ ಮುಂಚೆ ತಪ್ಪು ಹುಡುಕ್ತಾರಲ್ಲೋ, ಎಲ್ಲಿಂದ ಹಿಡ್ಕೊಂಡ್ ಬಂದೆ?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

ಹಿಡಿದುಕೊಂಡು ಬಂದದ್ದು ತುಮಕೂರಿನ ಶಿರಾ ಗೇಟಿನಿಂದ. ಅಲ್ಲಿ ಅವರದೊಂದು ಲೇತ್ ಅಂಗಡಿ. ಅದು ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ನಾನು ಹೊಸದಾಗಿ ಓವರ್‌ಸಿಯರ್ ಆಗಿದ್ದೆ. ಹಳ್ಳಿಗಳಲ್ಲಿ ಬಾವಿ ಕೊರೆಸಿ ಬೋರಿಂಗು, ಅಂದರೆ ಕೈಪಂಪು, ಹಾಕಿಸುವುದು ನನ್ನ ಕೆಲಸ. ಪಂಪಿನ ಬಿಡಿಭಾಗ ಕೆಟ್ಟರೆ ರೇವಣ್ಣನವರ ಅಂಗಡಿಗೆ ಓಡಬೇಕಿತ್ತು. ಊರಿನವರಿಗೆ ಅವರು 'ಅನುಮಾನದ ರೇವಣ್ಣ'. ಊರಿಗೂ ಅವರ ಮೇಲೆ ಅಷ್ಟೇ ಅನುಮಾನ. ಕುಣಿಗಲ್ ಕಡೆಯ ಮನುಷ್ಯ, ಅಸ್ಸಾಮಿನ ಎಣ್ಣೆ ಬಾವಿಗಳಲ್ಲಿ ಹನ್ನೆರಡು ವರ್ಷ ದುಡಿದು ಇದ್ದಕ್ಕಿದ್ದಂತೆ ಬಂದು ಇಲ್ಲಿ ಅಂಗಡಿ ಇಟ್ಟಿದ್ದರು. ಅಂಥ ನೌಕರಿ ಬಿಟ್ಟು ಯಾರು ಬರುತ್ತಾರೆ? ಏನೋ ಎತ್ತಿಕೊಂಡು ಓಡಿ ಬಂದವನೆಂದು ಕೆಲವರು, ಅಸ್ಸಾಮನ್ನೇ ನೋಡಿಲ್ಲವೆಂದು ಕೆಲವರು. ನಾನು ಎರಡನೆಯ ಗುಂಪಿನವನು.

ಅವರು ಹೇಳುತ್ತಿದ್ದ ಕಥೆಗಳೂ ಹಾಗೆಯೇ ಇದ್ದವು. ಎಣ್ಣೆ ಬಾವಿ ಕೊರೆದ ಮೇಲೆ ಅದಕ್ಕೆ ಅಗಲವಾದ ಕಬ್ಬಿಣದ ಕೊಳವೆ, ಕೇಸಿಂಗು, ಇಳಿಸುತ್ತಾರಂತೆ. ಅದರ ಹೊರಗಡೆ ಸುತ್ತ ಸಿಮೆಂಟು ಹೊಯ್ಯುತ್ತಾರಂತೆ. ಇಷ್ಟು ಭದ್ರ ಮಾಡಿದ ಕೊಳವೆಯೊಳಗೆ ಒಂದು ಬಂದೂಕು ಇಳಿಸಿ, ಎಣ್ಣೆ ಇರುವ ಆಳದಲ್ಲಿ ತಾವೇ ಗುಂಡು ಹಾರಿಸಿ ತೂತು ಮಾಡುತ್ತಾರಂತೆ. ಆ ತೂತಿನಿಂದ ಎಣ್ಣೆ ಒಳಗೆ ಬರಬೇಕು. "ಅಲ್ಲ ರೇವಣ್ಣೋರೆ, ತೂತು ಮಾಡೋದಾದ್ರೆ ಕೊಳವೆ ಯಾಕೆ ಇಳಿಸ್ಬೇಕು?" ಎಂದು ಶಿರಾ ಗೇಟಿನ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ.

"ಎಲ್ಲಿ ಬೇಕೋ ಅಲ್ಲಿ ಮಾತ್ರ ಬರ್ಲಿ ಅಂತ ಕಣಯ್ಯ. ನೆಲದೊಳಗೆ ಒಂದೇ ಇರಲ್ಲ. ಮೇಲೆ ನೀರು, ಕೆಳಗೆ ಎಣ್ಣೆ, ಇನ್ನೊಂದ್ ಕಡೆ ಗ್ಯಾಸು. ಒಂದರ ಮನೆಗೆ ಇನ್ನೊಂದು ನುಗ್ಬಾರ್ದು."

ಆಮೇಲೆ ನನ್ನ ತಟ್ಟೆಯಲ್ಲಿದ್ದ ಇಡ್ಲಿ ಎತ್ತಿಕೊಂಡರು. ಕೇಳಲೂ ಇಲ್ಲ. ಅದನ್ನು ನೀರಿನ ಲೋಟದೊಳಗೆ ಇಳಿಬಿಟ್ಟು, ಕಾಫಿ ಲೋಟದ ತಳದಿಂದ ಮೆಲ್ಲಗೆ ಒತ್ತಿದರು. ಒತ್ತಿದ ಇಡ್ಲಿ ಚಪ್ಪಟೆಯಾಗಿ ಅಗಲವಾಯಿತು, ಲೋಟದ ಗೋಡೆಗೆ ಎಲ್ಲ ಕಡೆಯೂ ಅಂಟಿಕೊಂಡಿತು.

"ಇದೇ ಪ್ಯಾಕರ್ರು. ದೊಡ್ಡ ಕೊಳವೆ ಒಳಗೆ ಸಣ್ಣ ಕೊಳವೆ ಇಳಿಸ್ತೀವಿ, ಎಣ್ಣೆ ಬರೋದು ಸಣ್ಣದ್ರಲ್ಲಿ. ಅದರ ಮೈಗೆ ದಪ್ಪನೆ ರಬ್ಬರು ಬಳೆ. ಇಳಿಯೋವಾಗ ತೆಳ್ಳಗಿರ್ತದೆ. ಜಾಗಕ್ಕೆ ಹೋದ್ಮೇಲೆ ಮೇಲಿಂದ ಭಾರ ಬಿಟ್ರೆ ಹಿಂಗೆ ಉಬ್ಬಿ ಗೋಡೆ ಹಿಡ್ಕೊಳ್ತದೆ. ಎರಡು ಕೊಳವೆ ನಡುವೆ ಇರೋ ಸಂದು ಬಂದ್." ಇಡ್ಲಿಯ ಮೇಲೆ ಕಾಫಿ ಹೊಯ್ದು ತೋರಿಸಿದರು. ಎರಡೇ ನಿಮಿಷದಲ್ಲಿ ಕಾಫಿ ಕೆಳಗಿಳಿಯಿತು. ಮತ್ತೆ ಎಲ್ಲರೂ ನಕ್ಕರು. "ಇದು ಇಡ್ಲಿ, ಹೀರ್ತದೆ. ರಬ್ಬರು ಹೀರಲ್ಲ" ಎಂದು ಗಂಭೀರವಾಗಿ ಎದ್ದು ಹೋದರು. ಇಡ್ಲಿಯ ದುಡ್ಡು ನಾನೇ ಕೊಟ್ಟೆ.

ಅವರಿಗೆ ಕೊಳವೆಗಿಂತ ಆ ಸಂದಿನ ಮೇಲೆಯೇ ಕಣ್ಣು. ಬಾವಿಯ ಬಾಯಲ್ಲಿ ಆ ಸಂದಿಗೇ ಒತ್ತಡ ಅಳೆಯುವ ಬೇರೆ ಗೇಜು ಇರುತ್ತಿತ್ತಂತೆ. "ಸಂದಿನ ಗೇಜು ಮುಳ್ಳು ಏರಿದ್ರೆ, ಒಳಗೆ ಯಾವ್ದೋ ಒಂದು ಸುಳ್ಳು ಹೇಳ್ತಾ ಐತೆ ಅಂತ ಲೆಕ್ಕ" ಎನ್ನುತ್ತಿದ್ದರು. ಯಾರಾದರೂ ಹೆಚ್ಚು ಹೊಗಳಿದರೆ, ಯಾರಾದರೂ ಬೇಗ ಒಪ್ಪಿಕೊಂಡರೆ, ಅವರ ಮುಖ ನೋಡುತ್ತಾ "ಗೇಜು ಏರ್ತಾ ಐತೆ" ಎಂದು ಗೊಣಗುತ್ತಿದ್ದರು. ನನ್ನ ಮುಖ ನೋಡಿ ಹಾಗೆ ಅಂದದ್ದು ಒಂದೇ ಸಲ.

ಗುಬ್ಬಿ ತಾಲ್ಲೂಕಿನ ಒಂದು ಊರು, ಹೆಸರು ಬೇಡ. ಅಲ್ಲಿ ಕುಡಿಯುವ ನೀರಿಗೆ ಇದ್ದದ್ದು ದನ ತೊಳೆಯುವ ಕುಂಟೆಯೊಂದೇ. ಪ್ರತಿ ಮಳೆಗಾಲ ವಾಂತಿಭೇದಿ. ಕುಂಟೆಯಿಂದ ಸ್ವಲ್ಪವೇ ದೂರದಲ್ಲಿದ್ದ ಆ ಊರಿನ ಬಾವಿ ನಾನು ಸ್ವತಂತ್ರವಾಗಿ ಕೊರೆಸಿದ ಮೊದಲನೆಯದು. ಬಂಡೆ ಸಿಗುವವರೆಗೆ ಮಣ್ಣು ಕುಸಿಯದಂತೆ ಕೇಸಿಂಗ್ ಇಳಿಸಿದೆವು. ಬಂಡೆಯ ಕೆಳಗೆ ಒಳ್ಳೆಯ ನೀರು ಬಂತು. ಇನ್ನು ಕೇಸಿಂಗಿನ ಹೊರಗೆ, ಮಣ್ಣಿಗೂ ಕೊಳವೆಗೂ ನಡುವಿನ ಸಂದಿಗೆ ತಳದಿಂದಲೇ ಸಿಮೆಂಟು ಇಳಿಸಬೇಕು, ಅದು ಗಟ್ಟಿಯಾಗಲು ಕೆಲವು ದಿನ ಬಿಡಬೇಕು. ಆದರೆ ಊರಿನ ಪಟೇಲರು ಗಂಗೆ ಪೂಜೆಗೆ ಬರುವ ಸೋಮವಾರವೇ ಮುಹೂರ್ತ ಇಟ್ಟುಬಿಟ್ಟಿದ್ದರು. ಮೊದಲ ಕೊಡ ಈಶ್ವರನ ಅಭಿಷೇಕಕ್ಕೆ ಹೋಗಬೇಕು. ನನ್ನ ಮೇಲಧಿಕಾರಿಗಳೂ ಬರುವವರಿದ್ದರು. ತಡವಾಗುತ್ತದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಕೊರೆದ ಮಣ್ಣನ್ನೇ ಸಂದಿಗೆ ತುಂಬಿ, ಮೇಲೆ ಚೆಂದದ ಸಿಮೆಂಟು ಕಟ್ಟೆ ಹಾಕಿಸಿದೆ. ಕಾಗದದ ಮೇಲೆ ತಳದವರೆಗೆ ಸಿಮೆಂಟು ಎಂದು ಬರೆದು ಸಹಿ ಮಾಡಿದೆ.

ಸೋಮವಾರ ಪೂಜೆ ಜೋರಾಗಿ ನಡೆಯಿತು. ಬೆಂಗಳೂರಿಗೆ ಕಳಿಸಿದ ನೀರಿನ ಪರೀಕ್ಷೆಯೂ ಚೆನ್ನಾಗಿಯೇ ಬಂತು. ಅದು ಬೇಸಿಗೆ. ಶಿರಾ ಗೇಟಿನಲ್ಲಿ ರೇವಣ್ಣನವರು ಕೇಳಿದರು, "ಸಂದಿಗೆ ಏನ್ ತುಂಬಿಸ್ದೆ?"

"ಸಿಮೆಂಟು" ಎಂದೆ.

"ನೀನೇ ನಿಂತು ನೋಡಿದ್ಯಾ?"

"ನಿಂತೇ ಇದ್ದೆ" ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಗೇಜು ಏರ್ತಾ ಐತೆ" ಎಂದರು. ಅಂಗಡಿಗೆ ಕೆಲಸ ಗಿಟ್ಟಿಸಿಕೊಳ್ಳಲು ಈ ಮನುಷ್ಯ ಹೂಡಿದ ಆಟವೆಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಮಳೆ ಹಿಡಿಯಿತು. ಬೋರಿಂಗಿನ ನೀರು ನಾರತೊಡಗಿತು. ಊರಿನಲ್ಲಿ ವಾಂತಿಭೇದಿ. ಆದರೆ ಈಶ್ವರನ ತಲೆಯ ಮೇಲೆ ಸುರಿದ ನೀರನ್ನು ಯಾರು ಅನುಮಾನಿಸುತ್ತಾರೆ? ಅನುಮಾನ ಮನುಷ್ಯರ ಮೇಲೆ ತಿರುಗಿತು. ಸಂಜೆ ಹೊತ್ತು ಕೇರಿಯವರೂ ಅದೇ ಬೋರಿಂಗಿನಲ್ಲಿ ನೀರು ಹಿಡಿಯುತ್ತಿದ್ದರು. ಅವರ ಕೊಡ ತಾಗಿ ಮೈಲಿಗೆಯಾಯಿತು, ಗಂಗಮ್ಮ ಮುನಿದಳು ಎಂದು ಮಾತು ಹುಟ್ಟಿತು. ಪುಟ್ಟಮ್ಮ ಎಂಬಾಕೆ ಕೊಡವನ್ನು ಪಂಪಿನ ಮೂತಿಗೆ ತಾಗಿಸಿದ್ದನ್ನು ಕಣ್ಣಾರೆ ಕಂಡೆವೆಂದು ಹೇಳುವವರೂ ಹುಟ್ಟಿಕೊಂಡರು. ಬೋರಿಂಗಿನ ಸುತ್ತ ಮುಳ್ಳುಬೇಲಿ ಬಿತ್ತು. ಕೇರಿಯವರು ಮತ್ತೆ ಕುಂಟೆಗೆ ಇಳಿದರು. ಪುಟ್ಟಮ್ಮನ ಮಗಳು ವಾಂತಿಭೇದಿಯಿಂದ ಆಗಷ್ಟೇ ಎದ್ದು ಕೂತಿದ್ದಳು, ಆ ಹುಡುಗಿಗೂ ಕುಂಟೆಯ ನೀರೇ. ಇದೆಲ್ಲ ಗೊತ್ತಿದ್ದೂ ನಾನು ನನ್ನ ವರದಿಯಲ್ಲಿ 'ಬಳಸುವವರ ಅಶುಚಿ' ಎಂದು ಬರೆದೆ. ಇವತ್ತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ, ಹೆದರಿಕೆ ಮಾತ್ರ ಇತ್ತು.

ಸುದ್ದಿ ಕೇಳಿದ ರೇವಣ್ಣನವರು ಕರೆಯದೆಯೇ ನನ್ನ ಜೊತೆ ಬಸ್ಸು ಹತ್ತಿದರು. ಚೀಲದಲ್ಲಿ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣಗಳು. ಮಧ್ಯಾಹ್ನ ಊರಿನವರೆಲ್ಲ ಹೊಲದಲ್ಲಿದ್ದರು. ಕಟ್ಟೆಯ ಪಕ್ಕದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ನೀಲಿ ಕಲಸಿದ ನೀರನ್ನು ಕೊಡಗಟ್ಟಲೆ ಸುರಿದು, "ಒತ್ತು" ಎಂದರು. ನಾನು ಪಂಪು ಒತ್ತಿದೆ. ಒತ್ತುತ್ತಲೇ ಇದ್ದೆ. ತೋಳು ಸೋತು ಬರುವ ಹೊತ್ತಿಗೆ ಬೋರಿಂಗಿನ ಮೂತಿಯಿಂದ ನೀಲಿ ನೀರು ಬಂತು.

ಅವರು ಬೈಯಲಿಲ್ಲ. ಗುಂಡಿಯ ಪಕ್ಕ ಕೂತರು. "ನಾನೂ ಒಂದ್ಸಲ 'ನೋಡಿದೀನಿ' ಅಂದಿದ್ದೆ ಕಣಪ್ಪ. ಪ್ಯಾಕರ್ ಸರಿಯಾಗಿ ಕೂತೈತೆ, ಒತ್ತಡ ಕೊಟ್ಟು ನೋಡಿದೀನಿ ಅಂತ. ನೋಡಿರ್ಲಿಲ್ಲ. ಸಂದಲ್ಲಿ ಗ್ಯಾಸು ನುಗ್ಗಿ ಬಂತು. ಬೆಂಕಿ. ನನ್ನ ಜೊತೆ ಒಂದೇ ರೂಮಲ್ಲಿ ಇದ್ದೋನು ಸತ್ತ. ವಾಲ್ವು ಅವನೇ ಸರಿಯಾಗಿ ತಿರುಗಿಸ್ಲಿಲ್ಲ ಅಂತ ಬರ್ಕೊಂಡ್ರು. ನಾನು ಬಾಯಿ ಬಿಡ್ಲಿಲ್ಲ." ಅಸ್ಸಾಮು ಬಿಟ್ಟು ಬಂದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಮುಂದಿನ ವಾರ ಲಾರಿ ಟ್ಯೂಬಿನ ರಬ್ಬರನ್ನು ಪದರ ಪದರವಾಗಿ ಸುತ್ತಿ, ಮೇಲೊಂದು ಕೆಳಗೊಂದು ಕಬ್ಬಿಣದ ಬಿಲ್ಲೆ ಕೂರಿಸಿ, ಒಂದು ಪ್ಯಾಕರ್ ಮಾಡಿ ತಂದರು. ಪಂಪು ಕಳಚಿ, ಕೇಸಿಂಗಿನೊಳಗೆ ಸಣ್ಣ ಕೊಳವೆ ಇಳಿಸಿದೆವು. ರಬ್ಬರು ಬಳೆ ಕೇಸಿಂಗ್ ದಾಟಿ ಬಂಡೆಯ ತೂತಿಗೆ ಹೋಗುವವರೆಗೆ ಇಳಿಸಿ, ಮೇಲಿನಿಂದ ಭಾರ ಬಿಟ್ಟರು. ಕೆಳಗೆ ಅದು ಉಬ್ಬಿ ಬಂಡೆಯನ್ನು ಕಚ್ಚಿಕೊಂಡಿತು. ಅದರ ಮೇಲೆ, ಎರಡು ಕೊಳವೆಗಳ ನಡುವೆ, ಸಿಮೆಂಟಿನ ಗಂಜಿ ಹೊಯ್ದು ಗಟ್ಟಿಯಾಗಲು ಬಿಟ್ಟೆವು. ಪಂಪು ಮತ್ತೆ ಕೂರಿಸಿದ ಮೇಲೆ ಹಳೆ ನೀರೆಲ್ಲ ಒತ್ತಿ ಚೆಲ್ಲಿ, ಗುಂಡಿಗೆ ಮತ್ತೆ ನೀಲಿ ಸುರಿದು ದಿನವಿಡೀ ಒತ್ತಿಸಿದರು. ನೀರು ತಿಳಿಯಾಗಿಯೇ ಬಂತು. ಅಸ್ಸಾಮಿನ ಕಥೆಗಳೆಲ್ಲ ನಿಜವೆಂದು ನನಗೆ ಮನವರಿಕೆಯಾದದ್ದು ಅವತ್ತು.

ಸಂಜೆ ಪಟೇಲರು ಬಂದರು. ರೇವಣ್ಣನವರು ನೇರವಾಗಿಯೇ ಹೇಳಿದರು, "ಕೇರಿಯೋರ್ದು ಏನೂ ತಪ್ಪಿಲ್ಲ ಸ್ವಾಮಿ. ಕೇಸಿಂಗ್ ಪಕ್ಕ ಸಿಮೆಂಟಿರ್ಲಿಲ್ಲ. ಕುಂಟೆ ನೀರು ಅಲ್ಲಿಂದ ಇಳೀತಿತ್ತು. ಬೇಲಿ ತೆಗೆಸ್ಬುಡಿ."

ಪಟೇಲರು ನಕ್ಕರು. "ನೀವು ಬುಡಿ ರೇವಣ್ಣೋರೆ, ಗಂಗಮ್ಮನ್ನೂ ಅನುಮಾನ ಪಡೋರು. ಏನ್ ಓವರ್‌ಸಿಯರೇ, ನೀವೇಳಿ. ಸಿಮೆಂಟು ಹಾಕಿಸಿದ್ರಾ ಇಲ್ವಾ?"

ನನ್ನ ಸಹಿ, ನನ್ನ ಹೊಸ ನೌಕರಿ ಕಣ್ಣ ಮುಂದೆ ಬಂದವು. "ಹಾಕಿಸಿದ್ದೆ. ಪೈಪು ಸ್ವಲ್ಪ ಸಡಿಲ ಆಗಿತ್ತು, ಅಷ್ಟೇ" ಎಂದೆ.

ಬೇಲಿ ಹಾಗೆಯೇ ಉಳಿಯಿತು. ವಾಪಸ್ಸು ಬರುವಾಗ ರೇವಣ್ಣನವರು ಬಸ್ಸಿನಲ್ಲಿ ಒಂದೇ ಮಾತು ಆಡಿದರು. "ನಾನೇಳಿದ್ರೆ ನಂಬಲ್ಲ. ಸಹಿ ನಿಂದು, ನೀನೇ ಹೇಳ್ಬೇಕು." ಶಿರಾ ಗೇಟಿನಲ್ಲಿ ಇಳಿದು ತಿರುಗಿ ನೋಡದೆ ಹೋದರು. ಆಮೇಲೆ ಅಂಗಡಿಗೆ ಹೋದಾಗಲೆಲ್ಲ ಕೆಲಸ ಮಾಡಿಕೊಡುತ್ತಿದ್ದರು, ಮಾತಿಲ್ಲ. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಅಮ್ಮನೇ, "ಆ ಸೋಪಿನೋರು ಯಾಕೋ ಬರ್ಲೇ ಇಲ್ಲ" ಎಂದು ಕೇಳುವಂತಾಯಿತು.

ಒಂದು ವರ್ಷ ಕಳೆದಿರಬೇಕು. ಗುಜರಾತಿನಲ್ಲಿ ಎಣ್ಣೆ ಸಿಕ್ಕಿದೆ, ಪ್ಯಾಕರ್ ಇಳಿಸಲು ಗೊತ್ತಿರುವವರು ಬೇಕೆಂದು ಅವರ ಹಳೆಯ ಸಾಹೇಬರೊಬ್ಬರು ಬರೆದಿದ್ದರಂತೆ. ಅಂಗಡಿ ಮಾರಿ ಹೊರಟರು. ಸುದ್ದಿ ತಿಳಿದು ಬೆಳಿಗ್ಗೆ ಸ್ಟೇಷನ್ನಿಗೆ ಓಡಿದೆ. ಅರಸೀಕೆರೆ ಕಡೆಯ ರೈಲು ನಿಂತಿತ್ತು. ಕಿಟಕಿಯ ಪಕ್ಕ ಕೂತಿದ್ದರು. ನನ್ನನ್ನು ಕಂಡು ಬೇರೆ ಏನೂ ಕೇಳಲಿಲ್ಲ.

"ಹೇಳಿದ್ಯಾ?"

"ಹೇಳಿದೀನಿ ರೇವಣ್ಣೋರೆ. ಪಟೇಲರ ಮುಂದೇನೇ ಹೇಳಿದೀನಿ. ಬೇಲಿ ತೆಗೆದ್ರು."

ಪಟೇಲರು ಏನಂದರು, ಯಾವತ್ತು ಹೋಗಿದ್ದೆ, ಯಾರು ಯಾರಿದ್ದರು ಎಂದು ಈಗ ಕೇಳುತ್ತಾರೆಂದು ಕಾದೆ. ಆ ಸುಳ್ಳಿಗೆ ತಕ್ಕ ಉತ್ತರ ಕೂಡ ಜೋಡಿಸಿಕೊಳ್ಳುತ್ತಿದ್ದೆ. ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಭುಜ ತಟ್ಟಿದರು. "ಸರಿ ಬುಡು. ನೀನೇಳಿದ್ಮೇಲೆ ಆಯ್ತು" ಎಂದರು. ರೈಲು ಹೊರಟಿತು.

ನನಗೆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಲಾಗಲಿಲ್ಲ. ಆಫೀಸಿಗೆ ಹೋಗದೆ ಗುಬ್ಬಿ ಬಸ್ಸು ಹತ್ತಿದೆ. ಪಟೇಲರ ಜಗಲಿಯ ಮೇಲೆ ನಾಲ್ಕು ಜನರ ಮುಂದೆ, ಸಿಮೆಂಟು ಹಾಕಿಸಿರಲಿಲ್ಲ, ಮಣ್ಣು ತುಂಬಿದ್ದೆ, ಸುಳ್ಳು ಬರೆದೆ ಎಂದೆ. ಪಟೇಲರು ಎಲೆಅಡಿಕೆ ಉಗಿಯಲು ಎದ್ದವರು ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ಆಳನ್ನು ಕರೆದು ಬೇಲಿ ತೆಗೆಯಲು ಹೇಳಿದರು, ನನಗೆ ಕೂರಲು ಹೇಳಲಿಲ್ಲ. ನಾನು ಕೇರಿಗೆ ಹೋಗಿ ಪುಟ್ಟಮ್ಮನಿಗೂ ಹೇಳಿದೆ. ಆಕೆ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಅವತ್ತೇ ಹೇಳಿದ್ರೆ ಒಂದು ವರ್ಷ ಕುಂಟೆ ನೀರು ತಪ್ತಿತ್ತು ಬುದ್ಧಿ" ಎಂದಳು. ಆಮೇಲೆ ನನಗೆ ನೌಕರಿಯಲ್ಲಿ ಶಿಕ್ಷೆಯೂ ಆಯಿತು, ಅದು ದೊಡ್ಡ ಮಾತಲ್ಲ.

ರೇವಣ್ಣನವರು ಮತ್ತೆ ತುಮಕೂರಿಗೆ ಬರಲಿಲ್ಲ. ಗುಜರಾತಿನಲ್ಲೇ ತೀರಿಕೊಂಡರೆಂದು ಕುಣಿಗಲ್ಲಿನ ಅವರ ತಂಗಿಯ ಮಗ ಬಹಳ ತಡವಾಗಿ ಹೇಳಿದ. ಸ್ಟವ್ವನ್ನೂ ನಂಬದ ಆ ಮನುಷ್ಯ ಅವತ್ತು ನನ್ನನ್ನು ನಿಜವಾಗಿ ನಂಬಿದರೋ, ಅಥವಾ ನಂಬಿಬಿಟ್ಟರೆ ಇವನು ಸುಮ್ಮನಿರಲಾರನೆಂದು ಗೊತ್ತಿದ್ದೇ ಭುಜ ತಟ್ಟಿದರೋ, ಕೇಳಿ ತಿಳಿದುಕೊಳ್ಳಲು ಈಗ ಅವರಿಲ್ಲ. ನಾನು ಹೇಳಿದ್ದು ಅವರ ರೈಲು ಹೋದ ಮೇಲೆ.